ಎ, ಆ್ಯನ್, ದ: ಕನ್ನಡ ಮಾಧ್ಯಮದ ಮಕ್ಕಳಿಗೆ ಆರ್ಟಿಕಲ್ ಕಲಿಸುವ ಬಗೆ

‘ದೇರ್ ಈಸ್ ಡಾಗ್ ಇನ್ ಗಾರ್ಡನ್’ ಎಂದು ಐದನೇ ತರಗತಿಯ ಹುಡುಗ ಬರೆದರೆ, ಏನೋ ಬಿಟ್ಟುಹೋಗಿದೆ ಎಂದು ಕೆಂಪು ಗೆರೆ ಬೀಳುತ್ತದೆ. ಅವನ ಲೆಕ್ಕದಲ್ಲಿ ಏನೂ ಬಿಟ್ಟಿಲ್ಲ. ‘ತೋಟದಲ್ಲಿ ನಾಯಿ ಇದೆ’ ಎನ್ನುವಲ್ಲಿ ಇರುವುದೆಲ್ಲ ಅವನ ಇಂಗ್ಲಿಷಿನಲ್ಲೂ ಇದೆ. ಕನ್ನಡದಲ್ಲಿ ಆರ್ಟಿಕಲ್ ಎಂಬ ಜಾತಿಯ ಪದವೇ ಇಲ್ಲದಿರುವಾಗ ಅದರ ಕೊರತೆ ಅವನಿಗೆ ಕಾಣುವುದಾದರೂ ಹೇಗೆ? ಸಾಲದ್ದಕ್ಕೆ, ಇಂಗ್ಲಿಷ್ ಮಾತಿನಲ್ಲಿ ಈ ಪದಗಳ ಮೇಲೆ ಒತ್ತು ಬೀಳುವುದಿಲ್ಲ. ಕೇಳುವವನಿಗೆ ಅವು ಇದ್ದೂ ಇಲ್ಲದಂತೆ.

ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಇದು ಮೊದಲ ತುತ್ತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಮಕ್ಕಳು 14 ವ್ಯಾಕರಣಾಂಶಗಳನ್ನು ಯಾವುದರ ನಂತರ ಯಾವುದು ಎಂದು ಕಲಿತದ್ದನ್ನು ದಾಖಲಿಸಿದರು. ಆರ್ಟಿಕಲ್‌ಗೆ ಸಿಕ್ಕಿದ್ದು ಎಂಟನೇ ಸ್ಥಾನ. ‘ಇನ್’, ‘ಆನ್’, ಬಹುವಚನದ ‘ಎಸ್’ ಎಲ್ಲ ಅದಕ್ಕಿಂತ ಮೊದಲೇ ಬಂದಿದ್ದವು. ಇಲ್ಲಿ ಕೊಟ್ಟಿರುವ ಕ್ರಮದಲ್ಲೂ ಬಹುವಚನ ಮೊದಲು, ‘ದ’ ಬಹಳ ತಡ.

ಇದು 4ರಿಂದ 6ನೇ ತರಗತಿಯ, ಸುಮಾರು ನೂರು ಇಂಗ್ಲಿಷ್ ನಾಮಪದಗಳನ್ನು ಬಾಯಲ್ಲಿ ಬಲ್ಲ ಮಕ್ಕಳಿಗೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಪೀರಿಯಡ್‌ನ ಮೊದಲ 15 ನಿಮಿಷ, ಒಟ್ಟು ಹತ್ತು ವಾರ. ಒಂದೇ ಪೀರಿಯಡ್‌ನಲ್ಲಿ ಮೂರೂ ಆರ್ಟಿಕಲ್‌ಗಳ ನಿಯಮ ಬರೆಸಿ ಮುಗಿಸಿದರೆ ಮಕ್ಕಳಿಗೆ ಉಳಿಯುವುದು ‘ಎ, ಇ, ಐ, ಒ, ಯು ಬಂದರೆ ಆ್ಯನ್’ ಎಂಬ ಒಂದು ಸಾಲು ಮಾತ್ರ. ಅದೂ ಅರ್ಧ ತಪ್ಪು. 1ರಿಂದ 3ನೇ ತರಗತಿಯ ಮಕ್ಕಳಿಗೆ ನಿಯಮವೇ ಬೇಡ. ಅವರಿಗೆ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ತೋರಿಸುವಾಗ ಬರೀ ‘ಕ್ಯಾಟ್’ ಅನ್ನದೆ ‘ಎ ಕ್ಯಾಟ್’ ಎಂದೇ ಹೇಳಿ, ‘ಎ ಕ್ಯಾಟ್’ ಎಂದೇ ಹೇಳಿಸಿ. ಅಷ್ಟು ಸಾಕು.

ಬೇಕಾದ ಸಾಮಾನು

ಪೋಸ್ಟ್ ಕಾರ್ಡ್ ಅಳತೆಯ ರಟ್ಟಿನ ಮೇಲೆ 40 ಚಿತ್ರದ ಮಿಂಚುಪಟ್ಟಿ ಮಾಡಿಕೊಳ್ಳಿ. 16ರಲ್ಲಿ ವ್ಯಂಜನದಿಂದ ಶುರುವಾಗುವ ಒಂಟಿ ವಸ್ತುಗಳು: ಬಾಲ್, ಪಾಟ್, ಕೌ, ಬಸ್, ಹೌಸ್ ಇತ್ಯಾದಿ. 10ರಲ್ಲಿ ಸ್ವರದವು: ಎಗ್, ಆನಿಯನ್, ಆರೆಂಜ್, ಅಂಬ್ರೆಲಾ, ಆ್ಯಂಟ್, ಔಲ್. 6ರಲ್ಲಿ ಮೊದಲ ಗುಂಪಿನದೇ ವಸ್ತುಗಳು, ಮೂರು ಮೂರಾಗಿ. ಉಳಿದ 8ರಲ್ಲಿ ಎಣಿಸಲಾಗದವು: ವಾಟರ್, ಮಿಲ್ಕ್, ರೈಸ್, ಶುಗರ್, ಸ್ಯಾಂಡ್, ಆಯಿಲ್. ಚಿತ್ರದ ಕೆಳಗೆ ಹೆಸರು ಬರೆಯಬೇಡಿ. ಬರೆದರೆ ಮಕ್ಕಳು ಓದುತ್ತಾರೆ, ಯೋಚಿಸುವುದಿಲ್ಲ.

ಜೊತೆಗೊಂದು ಬಟ್ಟೆ ಚೀಲ. ಅದರಲ್ಲಿ ಒಂದು ಕೆಂಪು ಪೆನ್ಸಿಲ್, ಎರಡು ನೀಲಿ ಪೆನ್ಸಿಲ್, ಒಂದು ನಿಂಬೆಹಣ್ಣು, ಎರಡು ಈರುಳ್ಳಿ, ಒಂದು ಬೀಗದ ಕೈ, ಒಂದು ರಬ್ಬರ್, ಸಣ್ಣ ಡಬ್ಬಿಯಲ್ಲಿ ಅಕ್ಕಿ. ಕೆಲವು ಒಂದೇ, ಕೆಲವು ಎರಡು ಇರಲೇಬೇಕು. ಐದನೇ ಹಂತದ ಆಟ ಪೂರ್ತಿ ಇದರ ಮೇಲೆ ನಿಂತಿದೆ.

ಹಂತ 1: ಎಣಿಸುವುದೋ, ಅಳೆಯುವುದೋ (ಒಂದು ವಾರ)

ಆರ್ಟಿಕಲ್ ತಪ್ಪುಗಳಲ್ಲಿ ಬಹಳಷ್ಟು ನಿಜಕ್ಕೂ ಆರ್ಟಿಕಲ್‌ನ ತಪ್ಪುಗಳಲ್ಲ, ನಾಮಪದದ ತಪ್ಪುಗಳು. ಕನ್ನಡದಲ್ಲಿ ‘ಹತ್ತು ಪೆನ್ಸಿಲ್ ತಂದೆ’ ಎಂದರೆ ಮುಗಿಯಿತು, ‘ಪೆನ್ಸಿಲ್‌ಗಳು’ ಎನ್ನಬೇಕಿಲ್ಲ. ಹಾಗಾಗಿ ಮಗು ‘ಟೆನ್ ಪೆನ್ಸಿಲ್’ ಅನ್ನುತ್ತದೆ. ಒಂದಕ್ಕೂ ಹತ್ತಕ್ಕೂ ರೂಪ ಒಂದೇ ಎಂದುಕೊಂಡ ಮಗುವಿಗೆ ‘ಎ’ ಯಾಕೆ ಬೇಕು ಎಂದು ಹೇಗೆ ತಿಳಿಯಬೇಕು?

ಬೋರ್ಡನ್ನು ಎರಡು ಭಾಗ ಮಾಡಿ. ಮಿಂಚುಪಟ್ಟಿಗಳನ್ನು ಒಂದೊಂದಾಗಿ ತೋರಿಸಿ ‘ಎರಡು ಅಂತ ಎಣಿಸಬಹುದಾ?’ ಎಂದು ಕನ್ನಡದಲ್ಲೇ ಕೇಳಿ. ‘ಎರಡು ಮಡಕೆ’ ಸರಿ. ‘ಎರಡು ಅಕ್ಕಿ’ ಅಂದರೆ ಮಕ್ಕಳೇ ನಗುತ್ತಾರೆ. ಎರಡು ಸೇರು ಅಕ್ಕಿ, ಎರಡು ಲೋಟ ನೀರು ಅನ್ನಬೇಕು. ಈ ಅರಿವು ಕನ್ನಡದಲ್ಲಿ ಆಗಲೇ ಇದೆ, ಹೊಸದಾಗಿ ಕಲಿಸಬೇಕಿಲ್ಲ. ಎಡಕ್ಕೆ ಎಣಿಸುವವು, ಬಲಕ್ಕೆ ಅಳೆಯುವವು. ಆಮೇಲೆ ಎಡಗಡೆಯ ಪ್ರತಿ ಪದವನ್ನೂ ‘ಒನ್ ಪಾಟ್, ಟೂ ಪಾಟ್ಸ್’ ಎಂದು ಜೋಡಿಯಾಗಿ ಹೇಳಿಸಿ.

ಕನ್ನಡದ ಅರಿವು ಕೈಕೊಡುವ ಪದಗಳು ಕೆಲವಿವೆ: ಬ್ರೆಡ್, ಸೋಪ್, ಹೋಮ್‌ವರ್ಕ್, ಫರ್ನಿಚರ್. ಅಂಗಡಿಯಲ್ಲಿ ‘ಎರಡು ಸೋಪು ಕೊಡಿ’ ಎಂದು ಕೇಳಿದ ಮಗು ‘ಎ ಸೋಪ್’ ಎನ್ನುವುದು ಸಹಜ. ಈ ನಾಲ್ಕನ್ನು ಬೇರೆಯಾಗಿ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿಸಿ, ತರ್ಕ ಹುಡುಕಲು ಹೋಗಬೇಡಿ. ‘ಟೂ ಟೀಸ್’ ಎಂದು ಯಾರಾದರೂ ಹೇಳಿದರೆ ತಿದ್ದುವುದೂ ಬೇಡ. ಹೋಟೆಲಿನಲ್ಲಿ ಇಂಗ್ಲಿಷಿನವರೂ ಹಾಗೆ ಕೇಳುತ್ತಾರೆ.

ಹಂತ 2: ‘ಎ’ (ಎರಡು ವಾರ)

ಮೊದಲು ಉಚ್ಚಾರ. ಅಕ್ಷರದ ಹೆಸರು ‘ಎ’ ಇರಬಹುದು, ಮಾತಿನಲ್ಲಿ ಅದು ಸಣ್ಣ ‘ಅ’. ‘ಅ-ಪಾಟ್’ ಎಂದು ಒಂದೇ ಉಸಿರಿನಲ್ಲಿ, ಒತ್ತು ‘ಪಾಟ್’ ಮೇಲೆ ಬರುವಂತೆ ಹೇಳಿಸಿ. ‘ಏ... ಪಾಟ್’ ಎಂದು ಎಳೆದು ನಿಲ್ಲಿಸಿದರೆ ಅದು ಮಗುವಿಗೆ ಬೇಕಾದರೆ ಇಟ್ಟುಕೊಳ್ಳಬಹುದಾದ, ಬೇಡವಾದರೆ ಬಿಡಬಹುದಾದ ಬೇರೆ ಪದವಾಗಿಬಿಡುತ್ತದೆ.

ಮೂರೇ ಮೂರು ವಾಕ್ಯದ ಚೌಕಟ್ಟು ಸಾಕು: ‘ದಿಸ್ ಈಸ್ ಎ...’, ‘ಐ ಹ್ಯಾವ್ ಎ...’, ‘ಐ ಸೀ ಎ...’. ದಿನಕ್ಕೆ ಎಂಟು ಮಿಂಚುಪಟ್ಟಿ, ಅದರಲ್ಲಿ ಎರಡು ಬಹುವಚನದವು ಮತ್ತು ಒಂದು ಎಣಿಸಲಾಗದ್ದು ಬೆರೆಸಿರಲಿ. ಎಲ್ಲವೂ ‘ಎ’ ಬೇಡುವ ಪದಗಳೇ ಆದರೆ ಮೂರನೇ ದಿನಕ್ಕೆ ಮಕ್ಕಳು ‘ಎ ವಾಟರ್’, ‘ಎ ಕೌಸ್’ ಎಂದು ಕಣ್ಣು ಮುಚ್ಚಿ ಹಾಕುತ್ತಾರೆ.

ಎರಡನೇ ವಾರ ಉದ್ಯೋಗಗಳಿಗೆ ಬನ್ನಿ. ‘ನಮ್ಮಪ್ಪ ಡ್ರೈವರ್’, ‘ನಮ್ಮಮ್ಮ ಟೈಲರ್’ ಎನ್ನುವಲ್ಲಿ ಕನ್ನಡಕ್ಕೆ ‘ಒಬ್ಬ’ ಬೇಡ, ‘ಆಗಿದ್ದಾರೆ’ಯೂ ಬೇಡ. ಹಾಗಾಗಿ ‘ಮೈ ಫಾದರ್ ಡ್ರೈವರ್’ ಎಂಬಲ್ಲಿ ‘ಈಸ್’ ಮತ್ತು ‘ಎ’ ಎರಡೂ ಒಟ್ಟಿಗೆ ಕಳೆದುಹೋಗುತ್ತವೆ. ಎರಡನ್ನೂ ಬೇರೆ ಬೇರೆ ತಿದ್ದಬೇಡಿ. ‘ಈಸ್-ಎ’ ಎಂದು ಅಂಟಿಸಿ ಒಂದೇ ಪದದಂತೆ ಹೇಳಿಸಿ. ಪ್ರತಿ ಮಗುವೂ ಮನೆಯ ಮೂವರ ಬಗ್ಗೆ ಹೇಳಲಿ. ಎಂಟನೇ ತರಗತಿಗೆ ಹೋದರೂ ಹೋಗದ ತಪ್ಪು ಇದು, ಇದಕ್ಕೆ ಕೊಟ್ಟ ಸಮಯ ದಂಡವಲ್ಲ.

‘ಎ’ ಅಂದರೆ ‘ಒಂದು’ ಎಂದು ಹೇಳಿಕೊಡಬೇಕೇ? ಮೊದಲ ವಾರಕ್ಕೆ ಅದು ಊರುಗೋಲು. ಅದನ್ನೇ ಹಿಡಿದುಕೊಂಡರೆ ಮಕ್ಕಳು ‘ಐ ಸೀ ಒನ್ ಡಾಗ್’ ಎನ್ನತೊಡಗುತ್ತಾರೆ. ‘ಎಷ್ಟು?’ ಎಂದು ಕೇಳಿದಾಗ ‘ಒನ್’, ‘ಏನು?’ ಎಂದು ಕೇಳಿದಾಗ ‘ಎ’ ಎಂದು ವ್ಯತ್ಯಾಸ ಮಾಡಿಸಿ. ‘ಎ ಮೈ ಬುಕ್’ ಎಂಬುದು ಇನ್ನೊಂದು ಸಾಮಾನ್ಯ ತಪ್ಪು. ನಾಮಪದಕ್ಕೆ ಅಂಟಿಕೊಂಡು ಮೈ, ಯುವರ್, ದಿಸ್, ದಟ್ ಬಂದ ಕಡೆ ಆರ್ಟಿಕಲ್‌ಗೆ ಜಾಗವಿಲ್ಲ ಎಂದು ಹೇಳಿ ಮುಂದೆ ಹೋಗಿ.

ಹಂತ 3: ‘ಆ್ಯನ್’ (ಎರಡು ವಾರ)

ನಮ್ಮ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಕನ್ನಡ ಲಿಪಿ ಬಹುಮಟ್ಟಿಗೆ ನುಡಿದಂತೆ ಬರೆಯುವ ಲಿಪಿ. ಇಂಗ್ಲಿಷ್ ಪದವನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆಸಿ. ಮೊದಲ ಅಕ್ಷರ ಅ-ಯಿಂದ ಔ-ವರೆಗಿನ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಇಂಗ್ಲಿಷಿನ ಐದು ಸ್ವರಾಕ್ಷರಗಳ ಪಟ್ಟಿ ಬೇಡವೇ ಬೇಡ. ಯೂನಿಫಾರ್ಮ್, ಯೂನಿವರ್ಸಿಟಿ ‘ಯ’ಕಾರದಿಂದ ಶುರುವಾಗುತ್ತವೆ, ಆದ್ದರಿಂದ ‘ಎ’. ಗಂಟೆ ಎಂಬ ಅರ್ಥದ ‘ಅವರ್’ ಮೊದಲಲ್ಲಿ ಇಂಗ್ಲಿಷ್ ಕಾಗುಣಿತ ಏನೇ ಇರಲಿ, ಕೇಳುವುದು ‘ಅ’, ಆದ್ದರಿಂದ ‘ಆ್ಯನ್’. ಎಂಎಲ್‌ಎ, ಎಕ್ಸ್‌ರೇ, ಎಸ್‌ಐ ಎಲ್ಲಕ್ಕೂ ‘ಆ್ಯನ್’, ಯುಪಿಎಸ್‌ಗೆ ‘ಎ’. ದೊಡ್ಡವರೂ ತಡಕಾಡುವ ಪದಗಳಿವು, ನಾಲ್ಕನೇ ತರಗತಿಯ ಮಗು ಎರಡು ಕ್ಷಣದಲ್ಲಿ ಬಿಡಿಸುತ್ತದೆ.

ಆದರೆ ಲಿಪಿಯನ್ನು ನಂಬುವ ಮೊದಲು ನಾಲಿಗೆಯನ್ನು ನೋಡಿಕೊಳ್ಳಬೇಕು. ಕನ್ನಡದ ಬಾಯಲ್ಲಿ ‘ಎಲೆ’ ‘ಯೆಲೆ’ಯಾಗುತ್ತದೆ, ‘ಒಲೆ’ ‘ವೊಲೆ’ಯಾಗುತ್ತದೆ. ಅದೇ ರೂಢಿಯಲ್ಲಿ ಎಗ್ ‘ಯೆಗ್’ ಆಗುತ್ತದೆ. ‘ಯೆಗ್’ ಎನ್ನುವ ಮಗು ‘ಎ ಯೆಗ್’ ಎಂದರೆ ನಿಯಮ ಅದಕ್ಕೆ ಸರಿಯಾಗಿಯೇ ತಿಳಿದಿದೆ, ಉಚ್ಚಾರ ಮಾತ್ರ ಬೇರೆ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುವಂತೆ ಹಾರ್ಸ್ ‘ಆರ್ಸ್’ ಆಗಿ, ‘ಆ್ಯನ್ ಆರ್ಸ್’ ಬರುತ್ತದೆ. ಇಂಥ ಕಡೆ ನಿಯಮವನ್ನು ಮತ್ತೆ ಹೇಳಿ ಪ್ರಯೋಜನವಿಲ್ಲ. ಪದದ ಮೊದಲ ಧ್ವನಿಯನ್ನು ಮಾತ್ರ ಹತ್ತು ಸಲ ಹೇಳಿಸಿ: ಎ-ಎ-ಎಗ್, ಹ-ಹ-ಹಾರ್ಸ್. ಅಂಗೈಯನ್ನು ಬಾಯಿ ಮುಂದೆ ಹಿಡಿದರೆ ಹಕಾರದ ಬಿಸಿಯುಸಿರು ತಗಲುತ್ತದೆ. ಮಗುವಿನ ಮನೆಮಾತನ್ನು ಹಾಸ್ಯ ಮಾಡಬೇಡಿ. ಕನ್ನಡದ ‘ಆಲು’ ಹಾಗೇ ಇರಲಿ, ಇಂಗ್ಲಿಷ್ ಪದವಷ್ಟನ್ನೇ ತಿದ್ದಿ.

ಎರಡು ಪದಗಳಲ್ಲಿ ಈ ಉಪಾಯ ಮೋಸಮಾಡುತ್ತದೆ. ವರ್ಷ ಮತ್ತು ಕಿವಿ ಎಂಬ ಅರ್ಥದ ಎರಡೂ ಇಂಗ್ಲಿಷ್ ಪದಗಳನ್ನು ನಾವು ‘ಇಯರ್’ ಎಂದೇ ಬರೆಯುತ್ತೇವೆ. ಕಿವಿಗೆ ‘ಆ್ಯನ್’ ಸರಿ; ವರ್ಷದ ಮೊದಲಲ್ಲಿ ಒಂದು ಯಕಾರವಿದೆ, ‘ಯಿಯರ್’, ಆದ್ದರಿಂದ ‘ಎ’. ಇನ್ನೊಂದು ‘ಒನ್’. ಅದರ ನಿಜವಾದ ಸದ್ದು ‘ವನ್’, ಆದ್ದರಿಂದ ‘ಎ ವನ್-ರುಪೀ ಕಾಯಿನ್’. ಈ ಎರಡನ್ನು ಬೇರೆಯಾಗಿ ಕಲಿಸಿ.

ಆ್ಯನ್ ಏಕೆ ಎಂದು ಮಕ್ಕಳು ಕೇಳಿದರೆ ಸಂಧಿಯನ್ನು ನೆನಪಿಸಿ. ಮನೆ+ಅಲ್ಲಿ ಸೇರುವಾಗ ನಡುವೆ ‘ಯ’ ಬಂದು ‘ಮನೆಯಲ್ಲಿ’ ಆಗುತ್ತದೆ, ಗುರು+ಅನ್ನು ‘ಗುರುವನ್ನು’ ಆಗುತ್ತದೆ. ಎರಡು ಸ್ವರ ಡಿಕ್ಕಿ ಹೊಡೆಯದಂತೆ ನಾವು ಯ, ವ ಇಡುವ ಜಾಗದಲ್ಲಿ ಅವರಿಗೆ ‘ನ’ ಇದೆ. ಚರಿತ್ರೆಯಲ್ಲಿ ನಡೆದದ್ದು ತಿರುಗಾಮುರುಗಾ: ‘ಆ್ಯನ್’ ಮೊದಲಿನದು, ‘ಒನ್’ ಪದದ ಒಡಹುಟ್ಟು, ವ್ಯಂಜನದ ಮುಂದೆ ಅದರ ನಕಾರ ಬಿದ್ದುಹೋಗಿ ‘ಎ’ ಉಳಿಯಿತು. ಇದು ಶಿಕ್ಷಕರಿಗೆ, ಮಕ್ಕಳಿಗೆ ಸಂಧಿ ಸಾಕು. ‘ಆ್ಯನೆಗ್’, ‘ಆ್ಯನಂಬ್ರೆಲಾ’ ಎಂದು ಕೂಡಿಸಿ ಹೇಳಿಸಿದರೆ ನಾಲಿಗೆಗೆ ಕಾರಣ ತಾನೇ ತಿಳಿಯುತ್ತದೆ.

ಕೊನೆಯ ಎರಡು ದಿನ ನಡುವೆ ಗುಣವಾಚಕ ತನ್ನಿ. ಆ್ಯನ್ ಎಗ್, ಎ ಬಿಗ್ ಎಗ್. ಎ ಬಸ್, ಆ್ಯನ್ ಓಲ್ಡ್ ಬಸ್. ಆರ್ಟಿಕಲ್ ತನ್ನ ಪಕ್ಕದ ಪದವನ್ನು ಕೇಳಿಸಿಕೊಳ್ಳುತ್ತದೆ, ನಾಮಪದವನ್ನಲ್ಲ. ಹತ್ತು ಜೋಡಿ ಬಾಯಲ್ಲಿ ಮಾಡಿಸಿ, ಆಮೇಲೆ ಬರೆಸಿ.

ಹಂತ 4: ಕತೆಯೊಳಗಿನ ‘ದ’ (ಎರಡು ವಾರ)

‘ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಹೆಣ್ಣುಮಕ್ಕಳು.’ ಅಜ್ಜಿಯ ಕತೆ ಕೇಳಿದ ಯಾವ ಮಗುವಿಗೂ ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’ ಎಂಬುದು ಗೊತ್ತು. ಮೊದಲ ವಾಕ್ಯದಲ್ಲೇ ‘ಆ ರಾಜ ಇದ್ದ’ ಎಂದು ಹೇಳಿ ನೋಡಿ, ‘ಯಾವ ರಾಜ?’ ಎಂದು ತರಗತಿಯೇ ಕೇಳುತ್ತದೆ. ಆ ಪ್ರಶ್ನೆಯೇ ನಿಮ್ಮ ಅಳತೆಗೋಲು. ಕೇಳುವವನಿಗೆ ‘ಯಾವುದು?’ ಎಂಬುದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ‘ಎ’, ಗೊತ್ತಿದ್ದರೆ ‘ದ’.

ಬೋರ್ಡಿನ ಮೇಲೆ ಐದು ವಾಕ್ಯ ಬರೆಯಿರಿ: ‘ಎ ಫಾರ್ಮರ್ ಹ್ಯಾಡ್ ಎ ಕೌ. ದ ಕೌ ಹ್ಯಾಡ್ ಎ ಕಾಫ್. ಒನ್ ಡೇ ಎ ಡಾಗ್ ಕೇಮ್. ದ ಡಾಗ್ ಬಾರ್ಕ್ಡ್. ದ ಕಾಫ್ ರ್ಯಾನ್ ಟು ದ ಕೌ.’ ‘ಎ’ಗಳಿಗೆ ಬಿಳಿ, ‘ದ’ಗಳಿಗೆ ಹಳದಿ ಚಾಕ್‌ಪೀಸ್. ಪ್ರತಿ ಹಳದಿ ‘ದ’ದಿಂದ ಅದೇ ಪ್ರಾಣಿಯ ಬಿಳಿ ‘ಎ’ಗೆ ಮಕ್ಕಳಿಂದ ಗೆರೆ ಎಳೆಸಿ. ಮರುದಿನ ಆರ್ಟಿಕಲ್‌ಗಳನ್ನು ಅಳಿಸಿ ಬಾಯಲ್ಲಿ ಹೇಳಿಸಿ. ಮೂರನೇ ದಿನ ಎರಡು, ಮೂರು, ನಾಲ್ಕನೇ ವಾಕ್ಯಗಳನ್ನು ತೆಗೆದುಹಾಕಿ, ‘ಈಗ ಕೊನೆಯ ವಾಕ್ಯ ಅರ್ಥ ಆಗುತ್ತಾ?’ ಎಂದು ಕೇಳಿ. ಕೌ ಗೊತ್ತು, ಕಾಫ್ ಯಾವುದು ಎಂದು ಗೊತ್ತಿಲ್ಲ. ನಿಯಮ ಹೇಳದೆ ನಿಯಮ ಕಾಣುವ ಕ್ಷಣ ಇದು.

ಇಲ್ಲಿ ಒಂದು ಹಠಮಾರಿ ತಪ್ಪು ಎದುರಾಗುತ್ತದೆ. ‘ಐ ಸಾ ದ ಸ್ನೇಕ್ ಯೆಸ್ಟರ್‌ಡೇ’ ಎಂದು ಮಗು ಮಾತು ಶುರುಮಾಡುತ್ತದೆ. ಅದರ ಕಣ್ಣ ಮುಂದೆ ಆ ಹಾವು ಸ್ಪಷ್ಟವಾಗಿದೆ. ಕೇಳುವವರಿಗೆ ಆ ಹಾವಿನ ಸುದ್ದಿಯೇ ಗೊತ್ತಿಲ್ಲ ಎಂಬುದು ಹೊಳೆದಿಲ್ಲ. ಆರ್ಟಿಕಲ್ ಇಲ್ಲದ ರಷ್ಯನ್ ಮತ್ತು ಕೊರಿಯನ್ ಮಾತಾಡುವವರು ಇಂಗ್ಲಿಷ್ ಕಲಿಯುವಾಗ ಇದೇ ಜಾಗದಲ್ಲಿ ಎಡವುತ್ತಾರೆ ಎಂದು 2004ರ ಒಂದು ಅಧ್ಯಯನ ತೋರಿಸಿದೆ. ಇದಕ್ಕೆ ಮದ್ದು ಬಾಗಿಲಾಚೆಯ ಆಟ: ಒಬ್ಬರನ್ನು ಹೊರಗೆ ನಿಲ್ಲಿಸಿ, ಚೀಲದ ಮೂರು ವಸ್ತುಗಳನ್ನು ಕೋಣೆಯಲ್ಲಿ ಬಚ್ಚಿಡಿ. ಒಳಗೆ ಬಂದವನಿಗೆ ಉಳಿದವರು ಮೊದಲು ‘ದೇರ್ ಈಸ್ ಎ ಲೆಮನ್, ಎ ಕೀ ಆ್ಯಂಡ್ ಎ ಪೆನ್ಸಿಲ್’ ಎಂದು ಪರಿಚಯಿಸಬೇಕು. ಆಮೇಲಷ್ಟೇ ‘ದ ಲೆಮನ್ ಈಸ್ ಅಂಡರ್ ದ ಟೇಬಲ್’. ಪರಿಚಯಿಸದೆ ‘ದ’ ಹೇಳಿದರೆ ಒಳಬಂದವನು ‘ವಿಚ್ ಲೆಮನ್?’ ಎಂದು ಕೇಳುವ ಹಕ್ಕುಳ್ಳವನು.

ಹಂತ 5: ಕಣ್ಣೆದುರಿನ ‘ದ’ (ಒಂದು ವಾರ)

‘ದ’ ಅಂದರೆ ‘ಆ’ ಎಂಬ ಅರ್ಥವನ್ನು ಇಲ್ಲಿ ಕೈಬಿಡಲೇಬೇಕು. ‘ದ ಸನ್’ ಎನ್ನುವುದನ್ನು ಯಾರೂ ‘ಆ ಸೂರ್ಯ’ ಎನ್ನುವುದಿಲ್ಲ, ‘ಕ್ಲೀನ್ ದ ಬೋರ್ಡ್’ ಎಂದರೆ ‘ಆ ಬೋರ್ಡು ಒರೆಸು’ ಅಲ್ಲ. ಕನ್ನಡದಲ್ಲಿ ಈ ಕೆಲಸವನ್ನು ಕೆಲವೊಮ್ಮೆ ವಿಭಕ್ತಿ ಮಾಡುತ್ತದೆ: ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ, ‘ಪುಸ್ತಕವನ್ನು ತಂದೆ’ ಎಂದರೆ ನಿನಗೂ ಗೊತ್ತಿರುವ ಪುಸ್ತಕ ಎಂಬ ಛಾಯೆ. ಎಲ್ಲ ಕಡೆ ನಡೆಯುವ ಸೂತ್ರವಲ್ಲ, ಆದ್ದರಿಂದ ಮಕ್ಕಳಿಗೆ ಹೇಳಬೇಡಿ. ನಿಮಗೆ ತಿಳಿದಿದ್ದರೆ ಅವರ ತಪ್ಪಿನ ಮೂಲ ಕಾಣುತ್ತದೆ.

ಮೂರು ಪೆನ್ಸಿಲ್‌ಗಳನ್ನು ಮೇಜಿನ ಮೇಲಿಡಿ. ‘ಗಿವ್ ಮಿ ದ ರೆಡ್ ಪೆನ್ಸಿಲ್’: ಮಗು ತಕ್ಷಣ ಕೊಡುತ್ತದೆ. ‘ಗಿವ್ ಮಿ ಎ ಬ್ಲೂ ಪೆನ್ಸಿಲ್’: ಎರಡರಲ್ಲಿ ಒಂದನ್ನು ಕೊಡುತ್ತದೆ. ಈಗ ಬೇಕೆಂದೇ ‘ಗಿವ್ ಮಿ ದ ಬ್ಲೂ ಪೆನ್ಸಿಲ್’ ಎನ್ನಿ. ಕೈ ಅರ್ಧಕ್ಕೆ ನಿಲ್ಲುತ್ತದೆ. ‘ಯಾಕೆ ನಿಂತೆ?’ ಎಂದರೆ ‘ಎರಡಿವೆ ಮಿಸ್, ಯಾವುದು?’ ಎಂಬ ಉತ್ತರ ಬರುತ್ತದೆ. ಅದೇ ಪಾಠ. ಕೈ ನಿಲ್ಲದೆ ಯಾವುದೋ ಒಂದನ್ನು ಕೊಟ್ಟರೆ ಮಗು ‘ದ’ವನ್ನು ಕೇಳಿಸಿಕೊಂಡಿಲ್ಲ ಎಂದರ್ಥ, ನಿಧಾನಕ್ಕೆ ಮತ್ತೆ ಹೇಳಿ. ಈರುಳ್ಳಿ, ನಿಂಬೆಹಣ್ಣುಗಳಲ್ಲೂ ಇದನ್ನೇ ಮಾಡಿ, ಮೂರನೇ ದಿನದಿಂದ ಮಕ್ಕಳೇ ಆಜ್ಞೆ ಕೊಡಲಿ. ಸ್ವರದ ಮುಂದೆ ‘ದಿ ಆನಿಯನ್’, ವ್ಯಂಜನದ ಮುಂದೆ ‘ದ ಲೆಮನ್’ ಎಂಬ ಉಚ್ಚಾರಭೇದವನ್ನು ಮೂರನೇ ಹಂತ ಕಲಿತವರು ತಾವೇ ಹಿಡಿಯುತ್ತಾರೆ.

ಹಂತ 6: ಏನೂ ಬೇಡದ ಕಡೆ (ಎರಡು ವಾರ)

‘ದ’ ಕಲಿತ ಹುಮ್ಮಸ್ಸಿನಲ್ಲಿ ಅದು ‘ದ ಮೈಸೂರು’, ‘ದ ಕನ್ನಡ’ ಎಂದು ಎಲ್ಲೆಡೆ ಹರಡುತ್ತದೆ. ಹೆದರಬೇಡಿ, ಕಲಿಕೆ ನಡೆದಿರುವುದಕ್ಕೆ ಇದು ಗುರುತು. ಮನುಷ್ಯರ ಹೆಸರು, ಊರಿನ ಹೆಸರು, ಭಾಷೆ, ಊಟದ ಹೊತ್ತುಗಳು, ‘ಗೋ ಹೋಮ್’, ‘ಗೋ ಟು ಸ್ಕೂಲ್’, ‘ಬೈ ಬಸ್’ ಇಷ್ಟನ್ನು ವಾಕ್ಯಗಳಾಗಿಯೇ ಕಲಿಸಿ.

ಹೆಚ್ಚು ಸಮಯ ಬೇಡುವುದು ಸಾಮಾನ್ಯ ಮಾತು. ‘ಹಸು ಹುಲ್ಲು ತಿನ್ನುತ್ತದೆ’ ಎಂದು ಕನ್ನಡದಲ್ಲಿ ಒಂದು ಹಸುವಿನ ಹೆಸರಲ್ಲಿ ಎಲ್ಲ ಹಸುಗಳ ಮಾತು ಹೇಳುತ್ತೇವೆ. ಅದು ‘ಕೌ ಈಟ್ಸ್ ಗ್ರಾಸ್’ ಆಗುತ್ತದೆ. ಈ ವಯಸ್ಸಿಗೆ ಒಂದೇ ದಾರಿ ಕೊಡಿ: ಎಲ್ಲದರ ಬಗ್ಗೆ ಹೇಳುವಾಗ ಬಹುವಚನ ಹಾಕು, ಆರ್ಟಿಕಲ್ ಬಿಡು. ‘ಕೌಸ್ ಈಟ್ ಗ್ರಾಸ್’, ‘ಐ ಲೈಕ್ ಮ್ಯಾಂಗೋಸ್’.

ತಿದ್ದುವುದು, ಪರೀಕ್ಷಿಸುವುದು

ಯಾವ ಹಂತ ನಡೆಯುತ್ತಿದೆಯೋ ಆ ಹಂತದ ತಪ್ಪನ್ನಷ್ಟೇ ತಿದ್ದಿ. ಮಾತಿನಲ್ಲಾದರೆ ಮಗು ‘ಐ ಹ್ಯಾವ್ ಪೆನ್’ ಎಂದಾಗ ‘ಐ ಹ್ಯಾವ್...’ ಎಂದು ನಿಲ್ಲಿಸಿ ಒಂದು ಬೆರಳೆತ್ತಿ; ಮಗುವೇ ತುಂಬಲಿ. ಬರಹದಲ್ಲಿ ಆರ್ಟಿಕಲ್ ಬಿಟ್ಟ ಜಾಗದಲ್ಲಿ ಚುಕ್ಕೆ ಇಡಿ, ಉತ್ತರ ಬರೆಯಬೇಡಿ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳನ್ನು ಅತಿಯಾಗಿ ನಂಬಬೇಡಿ. ಜಾಗ ಎಲ್ಲಿದೆ ಎಂದು ಗೆರೆಯೇ ತೋರಿಸಿಬಿಡುತ್ತದೆ, ಮಗುವಿನ ನಿಜವಾದ ಕಷ್ಟ ಇರುವುದೇ ಆ ಜಾಗವನ್ನು ಗುರುತಿಸುವುದರಲ್ಲಿ. ಮೂರರಲ್ಲಿ ಒಂದನ್ನು ಊಹಿಸಿದರೂ ಸರಾಸರಿ ಮೂರನೇ ಒಂದು ಪಾಲು ಅಂಕ ಸಿಗುತ್ತದೆ. ಕೊಡಲೇಬೇಕಾದರೆ ‘ಏನೂ ಬೇಡ’ ಎಂಬ ನಾಲ್ಕನೇ ಆಯ್ಕೆಯನ್ನೂ ಸೇರಿಸಿ. ಇದಕ್ಕಿಂತ ಒಳ್ಳೆಯದು, ಆರ್ಟಿಕಲ್‌ಗಳನ್ನೆಲ್ಲ ತೆಗೆದ ಆರು ವಾಕ್ಯದ ಕತೆಯನ್ನು ಯಾವ ಗೆರೆಯೂ ಇಲ್ಲದೆ ಕೊಟ್ಟು ಸರಿಪಡಿಸಲು ಹೇಳುವುದು. ಅದರಲ್ಲಿ 20 ನಾಮಪದ ಇರಲಿ, ಐದಾರಕ್ಕೆ ಏನೂ ಬೇಡವಾಗಿರಲಿ. 14 ಸರಿ ಬಂದರೆ ಈ ವಯಸ್ಸಿಗೆ ಚೆನ್ನಾಗಿಯೇ ಇದೆ.

ನದಿಗಳು, ಪರ್ವತಶ್ರೇಣಿಗಳು, ಪತ್ರಿಕೆಗಳು, ವಾದ್ಯಗಳು ಎಂದು ‘ದ’ ಬರುವ ಉದ್ದ ಪಟ್ಟಿ ವ್ಯಾಕರಣ ಪುಸ್ತಕಗಳಲ್ಲಿ ಮೊದಲ ಪುಟದಲ್ಲೇ ಇರುತ್ತದೆ. ಅದನ್ನು ಹೈಸ್ಕೂಲಿಗೆ ಬಿಡಿ. ‘ದ ಕಾವೇರಿ’ ಪಾಠದಲ್ಲಿ ಬಂದರೆ ಓದಿಸಿ, ನಿಯಮ ಬೇಡ.

ಹತ್ತು ವಾರದ ನಂತರವೂ ಆರ್ಟಿಕಲ್ ಪೂರ್ತಿ ಬಿಡುವ ಮಕ್ಕಳು ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರಿಗೆ ನಿಯಮ ಮತ್ತೆ ಹೇಳುವ ಮೊದಲು ಕಿವಿಯನ್ನು ಪರೀಕ್ಷಿಸಿ: ನಾಲ್ಕನೇ ಹಂತದ ಐದು ವಾಕ್ಯಗಳನ್ನು ಸಹಜ ವೇಗದಲ್ಲಿ ಎರಡು ಸಲ ಓದಿ ಉಕ್ತಲೇಖನ ಬರೆಸಿ. ಅಲ್ಲೂ ಆರ್ಟಿಕಲ್ ಮಾಯವಾಗಿದ್ದರೆ ಮಗುವಿಗೆ ಅವು ಕೇಳಿಸುತ್ತಿಲ್ಲ. ಎರಡನೇ ಹಂತದ ‘ಅ-ಪಾಟ್’ಗೆ ಹಿಂದಿರುಗಿ, ದಿನಕ್ಕೆ ಐದು ನಿಮಿಷ ಕೇಳಿಸುವುದೊಂದನ್ನೇ ಮಾಡಿ. ಉಕ್ತಲೇಖನದಲ್ಲಿ ಸರಿಯಾಗಿ ಬರೆದು ಸ್ವಂತ ವಾಕ್ಯದಲ್ಲಿ ಬಿಡುತ್ತಿದ್ದರೆ ಕಿವಿ ಸರಿಯಿದೆ, ಅಭ್ಯಾಸ ಸಾಲದು. ದಿನಕ್ಕೆ ಮೂರು ವಾಕ್ಯ ಬರೆಸಿ, ಪ್ರತಿ ನಾಮಪದದ ಮೇಲೆ ‘ಯಾವುದು?’ ಎಂದು ಆ ಮಗುವೇ ಪೆನ್ಸಿಲಿನಲ್ಲಿ ಬರೆದು ಉತ್ತರ ಕೊಟ್ಟುಕೊಳ್ಳಲಿ.